ಗಿರಣಿ ನಿಂತ ಮೇಲೂ ನಿಲ್ಲದ ಗುಂಗು

ಸುಸ್ತಿಗೆ ಯಾರೂ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವುದಿಲ್ಲ. ಜ್ವರ ಬಂದರೆ ಮನೆಯವರು ಹಣೆ ಮುಟ್ಟಿ ನೋಡುತ್ತಾರೆ. ಕಾಲು ಉಳುಕಿದರೆ ಕುಂಟುವುದಾದರೂ ಕಾಣುತ್ತದೆ. ಸುಸ್ತು ಮಾತ್ರ ಹೇಳದೆ ಕೇಳದೆ ಬಂದು, ದೂರದ ನೆಂಟನ ಹಾಗೆ ಮನೆಯ ಮೂಲೆಯಲ್ಲಿ ಕೂತುಬಿಡುತ್ತದೆ. ಏಳಪ್ಪಾ, ಹೋಗಪ್ಪಾ ಎಂದು ಹೇಳಲು ಮನೆಯವರಿಗೆ ಪುರುಸೊತ್ತು ಎಲ್ಲಿದೆ?

ಗಿರಣಿಯಕ್ಕನ ಮನೆಗೆ ಅದು ಬಂದು ಕೂತು ಬಹಳ ದಿನವಾಗಿತ್ತು.

ಬೀದಿಯ ಕೊನೆಯಲ್ಲಿ, ಸೈಕಲ್ ಅಂಗಡಿಯ ಮಗ್ಗುಲಿಗೆ, ತಗಡಿನ ಬಾಗಿಲಿನ ಹಿಟ್ಟಿನ ಗಿರಣಿ ಅವಳದು. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದೇ ಒಂದು ಗೋಡೆ. ಗಿರಣಿ ಓಡಿದರೆ ಗೋಡೆ ನಡುಗುತ್ತದೆ, ಗೋಡೆಗೆ ತಗುಲಿಸಿದ ಕನ್ನಡಿ ನಡುಗುತ್ತದೆ, ಕನ್ನಡಿಯೊಳಗಿನ ಮುಖವೂ ನಡುಗುತ್ತದೆ. ಸೊಸೆಯಾಗಿ ಬಂದ ಹೊಸತರಲ್ಲಿ ಅವಳು ಬೈತಲೆ ತೆಗೆಯಲು ಗಿರಣಿ ನಿಲ್ಲುವುದನ್ನೇ ಕಾಯುತ್ತಿದ್ದಳು. ಈಗ ಬೈತಲೆಯ ಗೊಡವೆಯೇ ಇಲ್ಲ. ಕೂದಲು ನರೆತದ್ದೆಷ್ಟು, ಹಿಟ್ಟು ಕೂತದ್ದೆಷ್ಟು ಎಂದು ಅವಳಿಗೂ ತಿಳಿಯದು.

ದಿನವೆಲ್ಲ ಗಿರಣಿಯ ಪಕ್ಕ ನಿಂತವರ ಮೈಯಲ್ಲಿ, ಗಿರಣಿ ನಿಂತ ಮೇಲೂ ಒಂದು ನಡುಕ ಉಳಿದಿರುತ್ತದೆ. ದೋಣಿಯಿಂದ ಇಳಿದವರಿಗೆ ನೆಲವೇ ತೂಗಿದಂತಾಗುತ್ತದಲ್ಲ, ಹಾಗೆ. ಆ ಮನೆಯಲ್ಲಿ ಅದಕ್ಕೊಂದು ಹೆಸರಿತ್ತು: ಗುಂಗು. ಅವಳ ಮಾವ ಇಟ್ಟ ಹೆಸರು. "ಗುಂಗು ಇಳಿಯೋ ತನಕ ಊಟಕ್ಕೆ ಕೂರಬೇಡಿ, ತುತ್ತು ಮೂಗಿಗೆ ಹೋದೀತು" ಎಂದು ನಗಿಸುತ್ತಿದ್ದರು. ಮುಖ ತೊಳೆದು, ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಗುಂಗು ಇಳಿದುಹೋಗುತ್ತಿತ್ತು.

ಈಚೆಗೆ ಗಿರಣಿಯಕ್ಕನ ಗುಂಗು ಇಳಿಯುತ್ತಲೇ ಇರಲಿಲ್ಲ. ಊಟ ಮಾಡಿದರೂ ಎದೆಯೊಳಗೆ ಪಟಪಟ. ಮಲಗಿದರೂ ಪಟಪಟ. ಬೆಳಿಗ್ಗೆ ಎದ್ದಾಗಲೂ, ಗಿರಣಿಯ ಗುಂಡಿ ಒತ್ತುವ ಮೊದಲೇ, ಒಳಗೆ ಯಾರೋ ಗುಂಡಿ ಒತ್ತಿಬಿಟ್ಟಂತೆ. ಕಾಳು ಸುರಿಯಲು ಮೆಟ್ಟಿಲು ಹತ್ತಿದರೆ ಉಸಿರು ಸಾಲದೆ ತೊಟ್ಟಿಯ ಅಂಚು ಹಿಡಿದು ನಿಲ್ಲುತ್ತಿದ್ದಳು. ಇಳಿದರೆ ಮೂಟೆಯ ಮೇಲೆ ಕೂರುತ್ತಿದ್ದಳು. ಕೂತರೆ ಏಳಬೇಕು ಅನ್ನಿಸುತ್ತಿರಲಿಲ್ಲ.

"ಏನಕ್ಕಾ, ಸೊರಗಿಬಿಟ್ಟಿದ್ದೀಯ?" ಎಂದು ಯಾರಾದರೂ ಕೇಳಿದರೆ, "ವಯಸ್ಸಾಯ್ತಲ್ಲಮ್ಮ. ಗಿರಣಿ ಕಲ್ಲೂ ಸವೆಯುತ್ತೆ, ನಾನ್ಯಾವ ಲೆಕ್ಕ?" ಎನ್ನುತ್ತಿದ್ದಳು.

ಮನೆಯ ಯಜಮಾನರಿಗೆ ಮಂಡಿನೋವು. ಮೆಟ್ಟಿಲು ಹತ್ತುವುದು ಅವರಿಂದಾಗದು. ಬಾಗಿಲ ಬಳಿ ತಕ್ಕಡಿ ಮುಂದೆ ಕುರ್ಚಿ ಹಾಕಿ ಕೂತು ತೂಕ ಮಾಡುವುದು, ಬಂದವರ ಜೊತೆ ಹರಟುವುದು ಅವರ ಕೆಲಸ. ಮಿಕ್ಕಿದ್ದೆಲ್ಲ ಗಿರಣಿಯಕ್ಕನದು. ಅದರಲ್ಲೂ ಹಿಟ್ಟಿನ ಹದ ನೋಡುವುದು ಅವಳದೇ. ಅಜ್ಜಿ ಕಥೆಯ ರಾಕ್ಷಸನ ಪ್ರಾಣ ಏಳು ಕಡಲಾಚೆ ಗಿಳಿಯೊಳಗೆ ಇರುತ್ತಿತ್ತಂತೆ. ಗಿರಣಿಯಕ್ಕನ ಪ್ರಾಣ ಅಷ್ಟು ದೂರ ಹೋಗಿರಲಿಲ್ಲ. ಬಲಗೈಯ ಹೆಬ್ಬೆರಳು, ತೋರುಬೆರಳುಗಳ ನಡುವೆಯೇ ಇತ್ತು. ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ತೋಳಿನಿಂದ ಬಿಸಿಬಿಸಿಯಾಗಿ ಇಳಿಯುವ ಹಿಟ್ಟನ್ನು ಒಂದು ಚಿಟಿಕೆ ತೆಗೆದು ತಿಕ್ಕಿದರೆ ಸಾಕು. ತರಿಯೋ ನುಣುಪೋ, ಕಲ್ಲು ಬಿಗಿಯಾಗಬೇಕೋ ಸಡಿಲವಾಗಬೇಕೋ, ಕಾಳು ಒಣಗಿತ್ತೋ ತೇವವಿತ್ತೋ, ಆ ಎರಡು ಬೆರಳು ಹೇಳಿಬಿಡುತ್ತಿದ್ದವು. ಬೇಕರಿಯವನು ಬೇರೆ ಗಿರಣಿಗಳನ್ನು ದಾಟಿಕೊಂಡು ಇಲ್ಲಿಗೆ ಬರುತ್ತಿದ್ದುದು ಆ ಚಿಟಿಕೆಯನ್ನು ನಂಬಿ.

ಯಜಮಾನರಿಗೆ ರಕ್ತದೊತ್ತಡವೂ ಇತ್ತು. ಅವರ ತಂಗಿ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸು. ಬೀದಿಯ ಮಕ್ಕಳ ಬಾಯಲ್ಲಿ ಸೂಜಿಯಮ್ಮ. ಅವಳೇ ಅಣ್ಣನಿಗೆ ಬಿಪಿ ನೋಡುವ ಮಿಷಿನ್ ತಂದುಕೊಟ್ಟಿದ್ದಳು. ಯಜಮಾನರು ಅದನ್ನು ತಕ್ಕಡಿಯ ಪಕ್ಕದ ಮೇಜಿನ ಮೇಲೇ ಇಟ್ಟುಕೊಂಡಿದ್ದರು. ಗಿರಣಿ ಓಡುತ್ತಿರುವಾಗಲೇ ತೋಳಿಗೆ ಪಟ್ಟಿ ಸುತ್ತಿಕೊಂಡು, ಬಂದವರಿಗೆಲ್ಲ ತೋರಿಸುತ್ತ ಬಿಪಿ ನೋಡಿಕೊಳ್ಳುವುದು ಅವರಿಗೊಂದು ಗತ್ತು.

ಒಂದು ಮಧ್ಯಾಹ್ನ ಗಿರಣಿಯಕ್ಕ ಮೆಟ್ಟಿಲಿಳಿದು ಬಂದು ಮೂಟೆಯ ಮೇಲೆ ಕುಸಿದಾಗ ಯಜಮಾನರು ಕರೆದರು.

"ಬಾರೇ ಇಲ್ಲಿ, ನಿನ್ನದೂ ನೋಡೋಣ."

"ನನಗೇನು ರೋಗ? ನಿಮ್ಮ ಆಟಕ್ಕೆ ನಾನೇ ಬೇಕಾ?"

"ದುಡ್ಡು ಕೇಳಲ್ಲ, ಬಾ."

ಪಟ್ಟಿ ಉಬ್ಬಿತು, ಇಳಿಯಿತು. ಅಂಕಿ ಬಂತು. ಅಂಕಿಯ ಜೊತೆಗೆ ಪರದೆಯ ಮೂಲೆಯಲ್ಲಿ ಪುಟ್ಟ ಹೃದಯದ ಚಿತ್ರವೊಂದು ಬಂದು, ಪಕ್ಕದಲ್ಲಿ ಸೊಟ್ಟ ಗೆರೆ ಎಳೆದುಕೊಂಡು ಮಿಟುಕತೊಡಗಿತು. ಯಜಮಾನರು ಕನ್ನಡಕ ಏರಿಸಿ ನೋಡಿದರು.

"ಇದೇನೇ ಇದು? ನನಗೆ ಯಾವತ್ತೂ ಬಂದಿಲ್ಲ."

ಹಿಟ್ಟು ಒಯ್ಯಲು ಬಂದಿದ್ದ ಬೇಕರಿಯವನು ಬಗ್ಗಿ ನೋಡಿದ. "ಅಕ್ಕನ ಹೃದಯ ಕುಣೀತಾ ಇದೆ ಅಣ್ಣಾ. ಈ ವಯಸ್ಸಲ್ಲಿ ಯಾರನ್ನ ನೋಡಿತೋ!"

"ನಿನ್ನ ಸಾಲ ತೀರಿಸದ ಮುಖಾನೇ ನೋಡಿರಬೇಕು" ಎಂದಳು ಗಿರಣಿಯಕ್ಕ. ಎಲ್ಲರೂ ನಕ್ಕರು.

ಯಜಮಾನರು ಮಾತ್ರ ಮಿಷಿನನ್ನು ಬಿಡಲಿಲ್ಲ. ಗೋಣಿಚೀಲ ಮಡಚಿ ಅದರ ಕೆಳಗಿಟ್ಟರು. ಮತ್ತೆ ಆ ಚಿತ್ರ. ಸೆಲ್ ಬದಲಾಯಿಸಿದರು. ಮತ್ತೆ ಅದೇ. ಕಡೆಗೆ, ಕಾಳು ಸಿಕ್ಕಿಕೊಂಡ ತೊಟ್ಟಿಗೆ ತಟ್ಟುವಂತೆ ಅಂಗೈಯಿಂದ ಎರಡು ಬಾರಿಸಿದರು.

"ಗಿರಣಿ ನಡುಕ ಕಣೇ" ಎಂದು ತೀರ್ಪು ಕೊಟ್ಟರು. "ಮೇಜು ನಡುಗುತ್ತೆ, ಅದಕ್ಕೆ ಮಿಷಿನ್ನಿಗೂ ಗುಂಗು ಹತ್ತಿದೆ."

ಮಿಷಿನ್ನಿಗೂ ಗುಂಗು! ಆ ಮಾತು ಗಿರಣಿಯಕ್ಕನಿಗೆ ಎಷ್ಟು ಹಿಡಿಸಿತೆಂದರೆ ಸಂಜೆಯ ತನಕ ಬಂದವರಿಗೆಲ್ಲ ಹೇಳಿ ನಗಿಸಿದಳು. ನಗುವುದಕ್ಕೂ ಉಸಿರು ಸಾಲುತ್ತಿರಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ಅದಾದ ಮುಂದಿನ ವಾರ ನಡೆದದ್ದನ್ನು ಅವಳು ಯಾರಿಗೂ ಹೇಳಲಿಲ್ಲ.

ಬೇಕರಿಯ ಗೋಧಿ ಬೀಸುತ್ತಿತ್ತು. ಅಭ್ಯಾಸದಂತೆ ಕೈ ಚಾಚಿ ಒಂದು ಚಿಟಿಕೆ ಹಿಟ್ಟು ತೆಗೆದು ತಿಕ್ಕಿದಳು. ಏನೂ ಇಲ್ಲ. ಬಿಸಿಯಿಲ್ಲ, ತರಿಯಿಲ್ಲ, ಹಿಟ್ಟೇ ಇಲ್ಲ. ಕಣ್ಣಿಗೆ ಬೆರಳ ತುಂಬ ಬೆಳ್ಳಗಿನ ಹಿಟ್ಟು ಕಾಣುತ್ತಿದೆ, ಬೆರಳಿಗೆ ಗೊತ್ತಾಗುತ್ತಿಲ್ಲ. ಡಬ್ಬ ಎತ್ತಲು ಹೋದರೆ ಬಲಗೈ ಬೇರೆ ಯಾರದೋ ಕೈಯಂತೆ ಸುಮ್ಮನೆ ಜೋತುಬಿತ್ತು. ಡಬ್ಬ ಉರುಳಿ ಹಿಟ್ಟು ಚೆಲ್ಲಿತು.

"ಏನಾಯ್ತಕ್ಕಾ?" ಎಂದು ಬೇಕರಿಯವನು ಕೂಗಿದ.

ಏನಿಲ್ಲ ಎನ್ನಬೇಕಿತ್ತು. ನಾಲಗೆ ದಪ್ಪಗಾಗಿ, ಬಾಯಿಂದ ನೆನೆದ ಹಿಟ್ಟಿನಂಥ ಮುದ್ದೆ ಮಾತು ಹೊರಟಿತು. ಗಿರಣಿಯ ಸದ್ದಿನಲ್ಲಿ ಅದು ಅರ್ಧಂಬರ್ಧ ಕೇಳಿಸಿತು. ಅಣಕಿಸುತ್ತಿದ್ದಾಳೆ ಎಂದುಕೊಂಡು ಅವನು ನಕ್ಕ. ಅವಳು ಗೋಡೆಗೆ ಒರಗಿ ನಿಂತಳು. ಗಿರಣಿಯೊಳಗಿದ್ದ ಗೋಧಿ ಮುಗಿಯುವಷ್ಟರಲ್ಲಿ ಬೆರಳಿಗೆ ಬಿಸಿ ಹತ್ತಿತು, ನಾಲಗೆ ತೆಳ್ಳಗಾಯಿತು. ಏನೂ ಆಗದವಳ ಹಾಗೆ ಪೊರಕೆ ತೆಗೆದುಕೊಂಡು ಚೆಲ್ಲಿದ್ದನ್ನು ಗುಡಿಸಿದಳು.

ಹೇಳಿದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆಸ್ಪತ್ರೆ ಎನ್ನುತ್ತಾರೆ. ಗಿರಣಿ ನಿಲ್ಲುತ್ತದೆ. ಮಂಡಿ ಹಿಡಿದ ಮನುಷ್ಯ ಮೆಟ್ಟಿಲು ಹತ್ತಲು ಹೋಗಿ ಬೀಳುತ್ತಾರೆ. ಅಷ್ಟೆಲ್ಲ ಯೋಚಿಸುವುದೇ ಅವಳಿಗೆ ಒಂದು ಮೂಟೆ ಹೊತ್ತಷ್ಟು ದಣಿವು. ಕೈ ಜೋಮು ಹಿಡಿದಿತ್ತು, ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಆವತ್ತಿನಿಂದ ಹಿಟ್ಟಿಗೆ ಕೈ ಚಾಚುವಾಗಲೆಲ್ಲ ಒಂದು ಕ್ಷಣ ಬೆರಳು ಹಿಂಜರಿಯುತ್ತಿತ್ತು.

ರಜೆಯ ದಿನ ಸೂಜಿಯಮ್ಮ ಗೋಧಿ ಬೀಸಿಸಲು ಬಂದಳು. ವಾರವೆಲ್ಲ ಮನೆಮನೆ ಅಲೆದು ಅವಳ ಮುಖವೂ ಬಾಡಿತ್ತು. ಚೀಲ ಇಳಿಸಿ, ಚಪ್ಪಲಿ ಬಿಟ್ಟು, ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಕೂತಳು.

"ಅತ್ತಿಗೇ, ಒಂದು ಲೋಟ ನೀರು ಕೊಡು. ಆಮೇಲೆ ಬೈಯುವೆಯಂತೆ."

"ಯಾಕೆ ಬೈಯಲಿ? ಪುಣ್ಯಾತ್ಗಿತ್ತಿ, ತಿಂಗಳಿಗೊಂದು ಸಲ ಬರ್ತೀಯ, ಅದೂ ಹಿಟ್ಟು ಮುಗಿದಾಗ."

"ನೀನು ಬೈತಾ ಇದ್ರೆ ಹುಷಾರಾಗಿದ್ದೀಯ ಅಂತ ಲೆಕ್ಕ" ಎಂದಳು ನಾದಿನಿ. ಆಮೇಲೆ ಅತ್ತಿಗೆಯ ಮುಖವನ್ನು ನಿಟ್ಟಿಸಿದಳು. "ಹುಷಾರಾಗಿದ್ದೀಯ ತಾನೇ? ಎದೆ ಹೊಡ್ಕೊಳ್ಳೋದು, ತಲೆ ಸುತ್ತೋದು ಏನಾದ್ರೂ?"

"ಇಲ್ಲವೇ ಮಾರಾಯ್ತಿ. ಎದೆ ಯಾಕೆ ಹೊಡ್ಕೊಳ್ಳುತ್ತೆ?"

ಅದು ಸುಳ್ಳಲ್ಲ. ಅವಳ ಮಟ್ಟಿಗೆ ಎದೆ ಹೊಡೆದುಕೊಳ್ಳುವುದು ಎಂದರೆ ನಾಯಿ ಅಟ್ಟಿಸಿಕೊಂಡು ಬಂದಾಗ ಆಗುವುದು. ಇದು ಗುಂಗು. ನಾದಿನಿ ಗುಂಗಿನ ಮಾತು ಎತ್ತಿರಲಿಲ್ಲ.

ಯಜಮಾನರು ತಕ್ಕಡಿಯ ಬಳಿಯಿಂದಲೇ ದೂರು ಹೇಳಿದರು. "ನೀನು ಕೊಟ್ಟ ಮಿಷಿನ್ ಕೆಟ್ಟಿದೆ ಕಣಮ್ಮ. ನಿನ್ನ ಅತ್ತಿಗೆ ತೋಳಿಗೆ ಕಟ್ಟಿದ್ರೆ ಒಂದು ಹೃದಯ ಬಂದು ಕಣ್ಣು ಹೊಡೆಯುತ್ತೆ. ಮೂರು ಸಲ ನೋಡಿದೆ, ಎರಡು ಬಾರಿಸಿಯೂ ನೋಡಿದೆ."

"ನಿನಗೆ ಕಟ್ಟಿದಾಗ?"

"ನನಗೆ ಬರಲ್ಲ. ನನ್ನ ಕಂಡ್ರೆ ಮರ್ಯಾದೆ."

ಸೂಜಿಯಮ್ಮ ನೀರಿನ ಲೋಟವನ್ನು ಕೆಳಗಿಟ್ಟಳು. "ಅಣ್ಣಾ, ಅದೇ ಮೇಜು, ಅದೇ ಮಿಷಿನ್. ಕೆಟ್ಟಿದ್ರೆ ಇಬ್ಬರಿಗೂ ಕೆಡಬೇಕಲ್ವಾ?"

"ಗಿರಣಿ ನಡುಕಕ್ಕೆ ಹಾಗಾಗುತ್ತೆ ಅಂತ..."

"ಆಗಬಹುದು. ಮೈ ಅಲ್ಲಾಡಿದ್ರೆ, ಮಾತಾಡಿದ್ರೆ, ಮೆಟ್ಟಿಲಿಳಿದು ಬಂದವಳಿಗೆ ತಕ್ಷಣ ಕಟ್ಟಿದ್ರೆ ಮಿಷಿನ್ ತಪ್ಪು ತಿಳ್ಕೊಳ್ಳಬಹುದು. ಅದಕ್ಕೇ ನಿನಗೆ ಒಳಗೆ ಕೂತು ನೋಡ್ಕೋ ಅಂದಿದ್ದು. ನೀನು ಇಲ್ಲಿ ಅಂಗಡಿ ಇಟ್ಟಿದ್ದೀಯ."

ಯಜಮಾನರು ತಕ್ಕಡಿಯ ಬಟ್ಟು ಒರೆಸತೊಡಗಿದರು. ಸಿಕ್ಕಿಬಿದ್ದಾಗ ಅವರು ಮಾಡುವುದು ಅದನ್ನೇ.

ಅಷ್ಟರಲ್ಲಿ ಕರೆಂಟು ಹೋಯಿತು.

ಬೆಲ್ಟು ಜೋತುಬಿತ್ತು. ಕಲ್ಲು ತನ್ನ ಪಾಡಿಗೆ ಒಂದಷ್ಟು ಸುತ್ತು ತಿರುಗಿ, ಗೊಣಗಿ, ನಿಂತಿತು. ಗೋಡೆ ನಿಂತಿತು, ಮೇಜು ನಿಂತಿತು, ಗಾಳಿಯಲ್ಲಿದ್ದ ಹಿಟ್ಟು ಕೂಡ ಮೆಲ್ಲಗೆ ನೆಲಕ್ಕಿಳಿಯಿತು. ಆ ನಿಶ್ಶಬ್ದದಲ್ಲಿ ಗಿರಣಿಯಕ್ಕ ಮೂಟೆಗೆ ಒರಗಿ, ಕಣ್ಣು ಮುಚ್ಚಿ, ಅರ್ಧ ತನಗೇ ಹೇಳಿಕೊಳ್ಳುವಂತೆ ಅಂದಳು:

"ಎಲ್ಲಾ ನಿಲ್ಲುತ್ತೆ. ಈ ಹಾಳು ಗುಂಗು ಒಂದೇ ನಿಲ್ಲಲ್ಲ."

"ಯಾವ ಗುಂಗು?" ಎಂದಳು ನಾದಿನಿ.

"ಅದೇ ಕಣೇ, ನಿಮ್ಮಪ್ಪ ಹೇಳ್ತಿದ್ದ ಗುಂಗು. ಮೊದಲು ನೀರು ಕುಡಿದ್ರೆ ಇಳೀತಿತ್ತು. ಈಗ ಬೆಳಿಗ್ಗೆ ಎದ್ದಾಗಲೂ ಇಲ್ಲೇ ಇರುತ್ತೆ" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಪಂಜರದೊಳಗೆ ಹಕ್ಕಿ ರೆಕ್ಕೆ ಬಡಿದ ಹಾಗೆ. ಒಂದೊಂದು ಸಲ ಬಡೀತಾನೇ ಇರುತ್ತೆ, ಒಂದೊಂದು ಸಲ ತಡೆದು ನಿಂತು ಧೊಪ್ಪನೆ ಬೀಳುತ್ತೆ."

ಸೂಜಿಯಮ್ಮ ಎದ್ದು ಬಂದು ಅತ್ತಿಗೆಯ ಪಕ್ಕ ಕೂತು, ಅವಳ ಮಣಿಕಟ್ಟನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳ ಬುಡದ ಕೆಳಗೆ ಮೂರು ಬೆರಳಿಟ್ಟಳು. ಗಡಿಯಾರ ನೋಡುತ್ತ ಒಂದು ನಿಮಿಷ ಪೂರ್ತಿ ಹಾಗೇ ಕೂತಳು. ಆಮೇಲೆ ಹೇಳಿದಳು:

"ಅಣ್ಣಾ, ಕುರ್ಚಿ ಎಳ್ಕೊಂಡು ಇಲ್ಲಿ ಬಾ. ಅತ್ತಿಗೇ, ಮೊದಲು ಇವನ ನಾಡಿ ನೋಡು."

ಗಿರಣಿಯಕ್ಕ ಅಭ್ಯಾಸದಂತೆ ಹೆಬ್ಬೆರಳು, ತೋರುಬೆರಳು ಚಾಚಿದಳು.

"ಹೆಬ್ಬೆರಳು ಬೇಡ. ಅದಕ್ಕೆ ತನ್ನದೇ ನಾಡಿ ಇರುತ್ತೆ, ಮೋಸ ಮಾಡುತ್ತೆ. ಮಿಕ್ಕ ಬೆರಳಿಡು. ಒತ್ತಬೇಡ, ಹಿಟ್ಟು ಮುಟ್ಟಿದ ಹಾಗೆ ಮುಟ್ಟು."

ಮೊದಲ ಸಲ ಅವಳ ಹೆಬ್ಬೆರಳಿಗೆ ಕೆಲಸವಿಲ್ಲದೆ ಹೋಯಿತು. ಗಂಡನ ಮಣಿಕಟ್ಟಿನಲ್ಲಿ ನಾಡಿ ಸಿಕ್ಕಿತು. ಟಕ್, ಟಕ್, ಟಕ್. ಚೆನ್ನಾಗಿ ಒಣಗಿದ ಕಾಳು ತೊಟ್ಟಿಯಿಂದ ಒಂದೇ ಸಮ ಬಿದ್ದಂತೆ.

"ಈಗ ನಿನ್ನದು ನೋಡ್ಕೋ."

ಎಡಗೈಯ ಮಣಿಕಟ್ಟಿಗೆ ಬಲಗೈಯ ಬೆರಳಿಟ್ಟಳು. ಎರಡು ಬಡಿತ ಒಟ್ಟಿಗೆ ಬಂದವು. ಆಮೇಲೆ ಒಂದು ತಡವಾಯಿತು. ಮತ್ತೆ ನಾಲ್ಕಾರು ಒಂದರ ಮೇಲೊಂದು ಬಿದ್ದು, ಒಂದು ಇದ್ದೂ ಇಲ್ಲದಂತೆ ಸಣ್ಣಗಾಗಿ, ಮತ್ತೆ ನಿಂತು, ಮತ್ತೆ ಓಡಿತು. ಮುಂದಿನದು ಯಾವಾಗ ಬರುತ್ತದೆ ಎಂದು ಹೇಳುವಂತೆಯೇ ಇರಲಿಲ್ಲ. ಹರಿದ ಚೀಲದಿಂದ ಕಾಳು ಸುರಿದಂತೆ.

ಗಿರಣಿಯಕ್ಕ ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

"ಗಿರಣಿ ಹೀಗೆ ಸದ್ದು ಮಾಡಿದ್ರೆ ಮೋಟರ್ ಆಫ್ ಮಾಡಿ ಬೆಲ್ಟು ಬಿಚ್ಚಿ ನೋಡ್ತಿದ್ದೆ" ಎಂದಳು.

"ಅದನ್ನೇ ನಾನು ಹೇಳೋದು."

"ಒಂದೊಂದು ಸಲ ಎಲ್ಲರಿಗೂ ತಪ್ಪುತ್ತಲ್ವೇನೇ?" ಎಂದು ಯಜಮಾನರು ಕೇಳಿದರು. ಅವರ ದನಿ ಇಳಿದಿತ್ತು.

"ಎಲ್ಲೋ ಒಂದು ಬಡಿತ ತಪ್ಪೋದು ಸುಮಾರು ಜನಕ್ಕೆ ಇರುತ್ತೆ ಅಣ್ಣಾ. ಎಷ್ಟೋ ಸಲ ಅದರಿಂದ ತೊಂದರೆ ಇಲ್ಲ. ಆದ್ರೆ ಇದಕ್ಕೆ ತಾಳಾನೇ ಇಲ್ಲ. ಯಾಕೆ ಅಂತ ಇಸಿಜಿ ತೆಗೆದೇ ನೋಡಬೇಕು. ನಾನು ಬೆರಳಿಟ್ಟು ರೋಗದ ಹೆಸರು ಹೇಳೋಕಾಗಲ್ಲ, ನಿನ್ನ ಮಿಷಿನ್ನೂ ಹೇಳಲ್ಲ. ಅದು ಬಾಗಿಲು ತಟ್ಟೋ ಕಾವಲುಗಾರ, ಅಷ್ಟೇ. ಮೂರು ಸಲ ತಟ್ಟಿದೆ, ನೀವು ತಲೆ ಮೇಲೆ ಬಾರಿಸಿ ಮಲಗಿಸಿದ್ದೀರಿ."

"ಸರಿ, ತಾಳ ತಪ್ಪಿದೆ" ಎಂದಳು ಗಿರಣಿಯಕ್ಕ. ಅವಳಿಗೆ ವಾದಿಸಲೂ ಶಕ್ತಿಯಿರಲಿಲ್ಲ, ಒಪ್ಪಿಕೊಳ್ಳಲೂ ಮನಸ್ಸಿರಲಿಲ್ಲ. "ತಪ್ಪಿದ್ರೆ ತಪ್ಪಲಿ. ನಡೀತಾ ಇದೆಯಲ್ಲ. ಇಷ್ಟು ದಿನ ಓಡಿದೆ, ಇನ್ನಷ್ಟು ದಿನ ಓಡುತ್ತೆ. ಬೇಕರಿ ಗೋಧಿ ಅರ್ಧಕ್ಕೆ ನಿಂತಿದೆ. ಮುಂದಿನ ವಾರ ನೋಡೋಣ."

ಸೂಜಿಯಮ್ಮ ಎದ್ದು ಗಿರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆಯ ತೋಳನ್ನು ಹಿಡಿದಳು. "ಅತ್ತಿಗೇ, ಇದನ್ನ ಯಾಕೆ ದಿನಾ ಒದರ್ತೀಯ?"

"ಒದರದಿದ್ರೆ ಮಡಿಕೆಯಲ್ಲಿ ಹಿಟ್ಟು ನಿಲ್ಲುತ್ತೆ. ನಿಂತ ಹಿಟ್ಟು ಗಂಟು ಕಟ್ಟುತ್ತೆ."

"ಗಂಟು ಕಟ್ಟಿದ್ರೆ?"

"ಒಂದು ದಿನ ಕಳಚಿ ಬಂದು ಬಾಯಿಗೆ ಸಿಕ್ಕೊಳ್ಳುತ್ತೆ. ಹಿಟ್ಟು ಬರೋದು ನಿಲ್ಲುತ್ತೆ."

"ಹೃದಯದ ಮೇಲಿನ ಕೋಣೆ ಸರಿಯಾಗಿ ಬಡಿಯೋದು ಬಿಟ್ಟು ಬರೀ ನಡುಗ್ತಾ ಇದ್ರೂ ಅದೇ ಆಗೋದು. ರಕ್ತ ಪೂರ್ತಿ ಮುಂದಕ್ಕೆ ಹೋಗಲ್ಲ. ಮೂಲೆಯಲ್ಲಿ ನಿಲ್ಲುತ್ತೆ, ನಿಂತದ್ದು ಗಂಟು ಕಟ್ಟುತ್ತೆ. ಆ ಗಂಟು ಕಳಚಿ ತಲೆಗೆ ಹೋಗಿ ರಕ್ತನಾಳದಲ್ಲಿ ಸಿಕ್ಕಿಬಿದ್ರೆ ಲಕ್ವ. ಬಾಯಿ ಸೊಟ್ಟಗಾಗುತ್ತೆ, ಮಾತು ತೊದಲುತ್ತೆ, ಒಂದು ಕಡೆ ಕೈಯೋ ಕಾಲೋ ಸ್ವಾಧೀನ ತಪ್ಪುತ್ತೆ..."

ಗಿರಣಿಯಕ್ಕ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ನಾದಿನಿಯ ಕಣ್ಣಿಗೆ ಅದು ತಪ್ಪಲಿಲ್ಲ. "ಯಾವಾಗ ಆಯ್ತು?" ಎಂದು ಮೆಲ್ಲಗೆ ಕೇಳಿದಳು.

"ಏನು ಯಾವಾಗ?"

"ಅತ್ತಿಗೇ."

ಗಿರಣಿಯಕ್ಕ ಗಂಡನ ಕಡೆ ನೋಡಲಿಲ್ಲ. ನೆಲ ನೋಡುತ್ತ ಹೇಳಿದಳು. ಡಬ್ಬ ಬಿದ್ದದ್ದು, ಬೆರಳಿಗೆ ಹಿಟ್ಟು ಸಿಗದೆ ಹೋದದ್ದು, ಮುದ್ದೆಯಾದ ಮಾತು. "ಗೋಧಿ ಮುಗಿಯೋ ಹೊತ್ತಿಗೆ ಸರಿಹೋಯ್ತು ಕಣೇ. ಪೂರ್ತಿ ಸರಿಹೋಯ್ತು."

ಯಜಮಾನರ ಕೈಯಿಂದ ತಕ್ಕಡಿಯ ಬಟ್ಟು ಜಾರಿ ಬಿತ್ತು.

"ಸರಿಹೋಗಿದ್ದಲ್ಲ, ಎಚ್ಚರಿಸಿ ಹೋಗಿದ್ದು" ಎಂದಳು ಸೂಜಿಯಮ್ಮ. ಬೈಯಬೇಕೆಂದು ತೆರೆದ ಬಾಯಿ ನಡುವೆಯೇ ಸೋತಿತು. "ಊರವರ ಮನೆ ಬಾಗಿಲಿಗೆಲ್ಲ ಹೋಗಿ ಹೇಳ್ತೀನಿ ಅತ್ತಿಗೇ. ಹಾಗಾದ ಆ ಗಳಿಗೇಲೇ ಆಸ್ಪತ್ರೆಗೆ ಓಡಬೇಕು, ಸರಿಹೋದ್ರೂ ಓಡಬೇಕು ಅಂತ. ನಮ್ಮ ಮನೇಲೇ ಹೇಳಿರಲಿಲ್ಲ. ನನಗೂ ಸುಸ್ತಾಗುತ್ತೆ ಕಣೇ."

ಆಗ ಕರೆಂಟು ಬಂತು. ಗಿರಣಿ ಗುರ್ರೆಂದಿತು. ಗಿರಣಿಯಕ್ಕ ಎಂದಿನಂತೆ ಮೆಟ್ಟಿಲ ಕಡೆ ಕಾಲಿಟ್ಟಳು. ಯಜಮಾನರು ಕುರ್ಚಿಯಿಂದ ಎದ್ದರು. ಮಂಡಿ ಕಟಕಟ ಎಂದದ್ದು ಗಿರಣಿಯ ಸದ್ದಿನಲ್ಲಿ ಕೇಳಿಸಲಿಲ್ಲ. ಗೋಡೆ ಹಿಡಿದುಕೊಂಡು ಹೋಗಿ ಗುಂಡಿ ಒತ್ತಿ ಗಿರಣಿಯನ್ನು ನಿಲ್ಲಿಸಿದರು.

"ರೀ, ಬೇಕರಿಯವನ ಗೋಧಿ..."

"ಅವನ ಗೋಧಿಗೆ ಬೆಂಕಿ ಬಿತ್ತು. ನಿನ್ನ ಕೈ ಹೋದ್ರೆ ನನಗೆ ಹಿಟ್ಟು ಹೇಗಿದೆ ಅಂತ ಯಾರೇ ಹೇಳೋರು?" ಇಷ್ಟು ವರ್ಷದಲ್ಲಿ ಅವರು ಹೆಂಡತಿಗೆ ಹೇಳಿದ ಪ್ರೀತಿಯ ಮಾತು ಅದೊಂದೇ ಇರಬೇಕು. ಅದನ್ನೂ ಗದರಿಸಿಯೇ ಹೇಳಿದರು.

ಗೋಧಿಗೆ ಬೆಂಕಿ ಬಿತ್ತು ಎಂಬ ಮಾತಿಗೆ ಸರಿಯಾಗಿ ಬೇಕರಿಯವನು ವ್ಯಾನು ತಂದು ಬಾಗಿಲಿಗೆ ನಿಲ್ಲಿಸಿದ. ವಿಷಯ ಕೇಳಿ ಅವನ ಮುಖದ ತಮಾಷೆಯೆಲ್ಲ ಇಳಿದುಹೋಯಿತು. "ಆವತ್ತು ನಾನು ನಕ್ಕುಬಿಟ್ಟೆನಲ್ಲಕ್ಕಾ" ಎಂದ. ಬ್ರೆಡ್ಡಿನ ಟ್ರೇಗಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದ. ಗಿರಣಿಯಕ್ಕ ಆಸ್ಪತ್ರೆಗೆ ಹೋದದ್ದು ಹಾಗೆ: ಕೂದಲ ತುಂಬ ಹಿಟ್ಟು, ಸುತ್ತ ಬಿಸಿ ಬ್ರೆಡ್ಡಿನ ಘಮ.

ಇಸಿಜಿಯ ಹಾಳೆಯಲ್ಲಿ ಗೆರೆಗಳು ಒಮ್ಮೆ ಒತ್ತೊತ್ತಾಗಿ, ಒಮ್ಮೆ ದೂರದೂರವಾಗಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ನಿಂತಿದ್ದವು. ಡಾಕ್ಟರಮ್ಮ ಅದಕ್ಕೆ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಯ ನಡುಕ, ಎಂದು ಹೆಸರು ಹೇಳಿದರು. ತಲೆಯ ಸ್ಕ್ಯಾನ್ ಮಾಡಿಸಿದರು, ಎದೆಯ ಸ್ಕ್ಯಾನ್ ಮಾಡಿಸಿದರು, ರಕ್ತ ಪರೀಕ್ಷೆಗೆ ಕಳಿಸಿದರು. ಗಂಟು ಕಟ್ಟದಂತೆ ರಕ್ತ ತಿಳಿಯಾಗಿಡುವ ಮಾತ್ರೆ, ಬಡಿತ ಹದಕ್ಕೆ ತರುವ ಮಾತ್ರೆ ಬರೆದರು.

"ನಿಮ್ಮ ಪುಣ್ಯ, ಕೈ ವಾಪಸ್ ಬಂತು" ಎಂದರು. "ಎಲ್ಲರಿಗೂ ಬರಲ್ಲಮ್ಮ."

ಗಿರಣಿಯಕ್ಕ ಹಾಸಿಗೆಯ ಅಂಚಿನ ಬಟ್ಟೆಯನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕುತ್ತಿದ್ದಳು. ಒರಟು ನೂಲು, ಹೆಚ್ಚು ಒಗೆದದ್ದು. ಬೆರಳಿಗೆ ಗೊತ್ತಾಗುತ್ತಿತ್ತು.

ಮನೆಗೆ ಬಂದ ಮೇಲೆ ಎಲ್ಲ ಚಿನ್ನವಾಯಿತು ಎಂದರೆ ಅದು ಕಥೆಯಾದೀತು. ಸುಸ್ತು ಒಮ್ಮೆಗೇ ಎದ್ದು ಹೋಗಲಿಲ್ಲ, ಮೂಲೆಯಿಂದ ಬಾಗಿಲ ತನಕ ಸರಿಯಿತು, ಅಷ್ಟೇ. ಮೆಟ್ಟಿಲು ಹತ್ತಲು ಬೇಕರಿಯವನು ಬೆಳಗಿನ ಹೊತ್ತು ತನ್ನ ಕೆಲಸದವಳೊಬ್ಬಳನ್ನು ಕಳಿಸಿದ. ಮಾತ್ರೆ ನುಂಗುವುದು ಬೇಸರವೆಂದು ಗಿರಣಿಯಕ್ಕ ದಿನಾ ಗೊಣಗುತ್ತಿದ್ದಳು. ಮೊಣಕೈಯಲ್ಲಿ ಒಮ್ಮೆ ನೀಲಿ ಕಲೆ ಕಂಡಾಗ ಮಾತ್ರೆಯನ್ನೇ ಬಿಡುತ್ತೇನೆಂದು ಹಟ ಹಿಡಿದಳು.

"ಬಿಡು" ಎಂದಳು ನಾದಿನಿ ಫೋನಿನಲ್ಲಿ. "ನಾಳೆಯಿಂದ ಬಟ್ಟೆ ತೋಳನ್ನೂ ಒದರಬೇಡ."

"ಏನೇ ನೀನು, ಮಾತೆತ್ತಿದ್ರೆ ಚುಚ್ತೀಯ."

"ಸೂಜಿಯಮ್ಮ ಅಂತ ಸುಮ್ನೆ ಕರೀತಾರಾ? ಕಲೆ ಇದ್ರೆ ಡಾಕ್ಟರಿಗೆ ತೋರಿಸು. ಮೂಗಲ್ಲಿ ರಕ್ತ ಬಂದು ನಿಲ್ಲದಿದ್ರೆ, ಮಲ ಕಪ್ಪಗಾದ್ರೆ, ಬಿದ್ದು ತಲೆಗೆ ಪೆಟ್ಟಾದ್ರೆ ತಕ್ಷಣ ಹೋಗು. ಬೇರೆ ಯಾವ ನೋವಿನ ಮಾತ್ರೆಯನ್ನೂ ಕೇಳದೆ ನುಂಗಬೇಡ. ಆದ್ರೆ ನೀನಾಗಿ ನೀನು ಮಾತ್ರೆ ನಿಲ್ಲಿಸಬೇಡ. ನಿಲ್ಲಿಸೋದು, ಬದಲಾಯಿಸೋದು ಡಾಕ್ಟರ ಕೆಲಸ."

ಬಿಪಿ ಮಿಷಿನ್ ತಕ್ಕಡಿಯ ಪಕ್ಕದಿಂದ ಒಳಮನೆಗೆ ಹೋಯಿತು. ಈಗ ಬೆಳಿಗ್ಗೆ ಗಿರಣಿಯ ಗುಂಡಿ ಒತ್ತುವ ಮೊದಲು ಗಿರಣಿಯಕ್ಕ ಕುರ್ಚಿಗೆ ಬೆನ್ನು ಕೊಟ್ಟು, ಪಾದ ಎರಡೂ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರುತ್ತಾಳೆ. ಆ ಹೊತ್ತಿನಲ್ಲಿ ಯಜಮಾನರು ಮಾತಾಡುವಂತಿಲ್ಲ. ಅವರಿಗೆ ಮಂಡಿನೋವಿಗಿಂತ ಕಷ್ಟದ ಕೆಲಸ ಅದೇ. ಮೊದಲು ಒಂದು ನಿಮಿಷ ನಾಡಿ. ಆಮೇಲೆ ತೋಳನ್ನು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿಟ್ಟು ಮಿಷಿನ್. ತಾಳ ತಪ್ಪಿದವರಿಗೆ ಮಿಷಿನ್ನಿನ ಅಂಕಿ ಒಂದೊಂದು ಸಲ ಒಂದೊಂದು ಹೇಳುವುದರಿಂದ, ನಡುವೆ ತುಸು ಬಿಟ್ಟು ಮತ್ತೊಮ್ಮೆ, ಮಗದೊಮ್ಮೆ ನೋಡುತ್ತಾಳೆ. ಒಳಬಾಗಿಲ ಹಿಂದೆ, ಹಿಟ್ಟಿನ ಡಬ್ಬಗಳಿಗೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ಅಂಕಿ ಬರೆದು, ನಾಡಿ ಸಮವಿದ್ದರೆ ನೆಟ್ಟನೆಯ ಗೆರೆ, ಇಲ್ಲದಿದ್ದರೆ ಸೊಟ್ಟ ಗೆರೆ ಎಳೆಯುತ್ತಾಳೆ. ಡಾಕ್ಟರಮ್ಮನ ಬಳಿ ಹೋಗುವಾಗ ನಾದಿನಿ ಬಾಗಿಲಿನ ಫೋಟೋ ತೆಗೆದುಕೊಂಡು ಹೋಗುತ್ತಾಳೆ. ಸೊಟ್ಟ ಗೆರೆಗಳು ಇನ್ನೂ ಇವೆ. ಆದರೆ ಈಗ ಅವು ಬಾಗಿಲ ಮೇಲಿವೆ, ಕಣ್ಣಿಗೆ ಕಾಣುತ್ತವೆ.

ಮೊನ್ನೆ ಸಂಜೆ ಗಿರಣಿ ನಿಲ್ಲಿಸಿ ಇಬ್ಬರೂ ಮೂಟೆಗೆ ಒರಗಿ ಕೂತಿದ್ದರು. ಗಾಳಿಯ ಹಿಟ್ಟು ಮೆಲ್ಲಗೆ ಇಳಿಯುತ್ತಿತ್ತು.

"ಯಾಕೋ ಇವತ್ತು ಗುಂಗು ಜಾಸ್ತಿ ಕಣೇ" ಎಂದರು ಯಜಮಾನರು.

ಗಿರಣಿಯಕ್ಕ ಅವರ ಮಣಿಕಟ್ಟನ್ನು ತೊಡೆಯ ಮೇಲೆ ಎಳೆದುಕೊಂಡಳು. ಹೆಬ್ಬೆರಳನ್ನು ಮಡಚಿ, ಮಿಕ್ಕ ಬೆರಳಿಟ್ಟು, ಕಣ್ಣು ಮುಚ್ಚಿದಳು. ಒಣಕಾಳು ಒಂದೇ ಸಮ ಬೀಳುತ್ತಿತ್ತು. ಒಂದು ನಿಮಿಷವಾದ ಮೇಲೂ ಕೈ ಬಿಡಲಿಲ್ಲ.

"ಏನಂತೆ?" ಎಂದು ಅವರು ಹೆದರಿಕೊಂಡೇ ಕೇಳಿದರು.

"ನಿಮ್ಮದು ಬರೀ ಗಿರಣಿ" ಎಂದಳು. "ಎದ್ದು ಮುಖ ತೊಳ್ಕೊಳ್ಳಿ, ಇಳಿಯುತ್ತೆ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಗಿರಣಿ ಇಲ್ಲದಿರಬಹುದು. ಆದರೆ ಎದೆಯ ಪಟಪಟಕ್ಕೆ, ಇಳಿಯದ ಸುಸ್ತಿಗೆ ನಿಮ್ಮ ಮನೆಯಲ್ಲೂ ಒಂದು ಮುದ್ದಿನ ಹೆಸರು ಇದ್ದೇ ಇರುತ್ತದೆ. ವಯಸ್ಸು ಎನ್ನುತ್ತೀರಿ, ಗ್ಯಾಸು ಎನ್ನುತ್ತೀರಿ, ಚಿಂತೆ ಎನ್ನುತ್ತೀರಿ. ಇವತ್ತು ಒಂದು ನಿಮಿಷ ಆ ಹೆಸರನ್ನು ಪಕ್ಕಕ್ಕಿಟ್ಟು, ದುಡಿದು ಬಂದು ಮೂಲೆಯಲ್ಲಿ ಕೂತವರ ಮಣಿಕಟ್ಟು ಹಿಡಿಯಿರಿ. ಬಿಪಿ, ಸಕ್ಕರೆ ಕಾಯಿಲೆ ಇದ್ದವರದ್ದು, ವಯಸ್ಸಾದವರದ್ದು ತಪ್ಪದೆ ಹಿಡಿಯಿರಿ. ತಾಳ ತಪ್ಪಿದೆ ಅನ್ನಿಸಿದರೆ, ಅಥವಾ ಮಿಷಿನ್ನಿನಲ್ಲಿ ಆ ಗುರುತು ಮತ್ತೆ ಮತ್ತೆ ಬಂದರೆ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಇಸಿಜಿ ತೆಗೆಸಿ. ಎದೆ ನೋವು, ಉಸಿರುಗಟ್ಟುವುದು, ಕಣ್ಣು ಕತ್ತಲೆ ಬಂದು ಬೀಳುವುದು ಇದ್ದರೆ ಒಂದು ಗಳಿಗೆಯೂ ಕಾಯಬೇಡಿ. ಮುಖ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಅದು ತಾನಾಗಿ ಸರಿಹೋದರೂ ಆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಓಡಿ.

ಅಂಥ ಹೊತ್ತಿನಲ್ಲಿ ಅರ್ಧ ಬೀಸಿದ ಗೋಧಿ ಅಲ್ಲೇ ಇರಲಿ. ಗಿರಣಿ ನಿಲ್ಲಿಸಿದರೆ ಮತ್ತೆ ಗುಂಡಿ ಒತ್ತಬಹುದು.